ಪ್ಲಾಸ್ಟಿಕ್ಕಿಗೂ ಕಸಿ: ಕಿರುಗೊಂಬೆಯ ಸೈನ್ಯ ಕಟ್ಟುವವರ ವಿಚಾರ



ಕೊಳೆರೋಗ, ಬೆರ್ರಿ ಬೋರರ್, ಗೊಬ್ಬರದ ದರ, ಸಾಲ ಮರುಪಾವತಿಯ ಗಡುವು ಇವೇ ನಮ್ಮ ಪತ್ರಿಕೆಯ ಪುಟಗಳನ್ನು ತುಂಬುವುದು ವಾಡಿಕೆ. ಈ ಸಂಚಿಕೆಯಲ್ಲಿ ಗೊಂಬೆಗಳ ವಿಚಾರಕ್ಕೆ ಇಷ್ಟು ಜಾಗ ಕೊಟ್ಟಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ಬೆಂಗಳೂರಿನಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ರಜೆಗೆ ಊರಿಗೆ ಬರುವಾಗ ಚೀಲದಲ್ಲಿ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನೂ ಬಣ್ಣದ ಕುಪ್ಪಿಗಳನ್ನೂ ತರುವುದು ಈಚೆಗೆ ಕಂಡುಬರುತ್ತಿದೆ. "ಮೀಸೆ ಬಂದ ಮೇಲೂ ಗೊಂಬೆಯಾಟವೇನೋ" ಎಂದು ಹಿರಿಯರು ಗದರುವುದೂ ಉಂಟು. ಗದರುವ ಮೊದಲು ಆ ಕೆಲಸ ಏನೆಂದು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದರಲ್ಲಿ ಕೈಕೆಲಸದ ಹದವಿದೆ, ವ್ಯಾಪಾರದ ಮರ್ಮವಿದೆ, ಒಂದು ದೊಡ್ಡ ನ್ಯಾಯಾಲಯದ ವ್ಯಾಜ್ಯವೂ ಇದೆ. ಮೂರೂ ಬೆಳೆಗಾರನಿಗೆ ಅಪರಿಚಿತವಲ್ಲ.

ಈ ಕೆಲಸಕ್ಕೆ ಕಿಟ್‌ಬ್ಯಾಷಿಂಗ್ ಎನ್ನುತ್ತಾರೆ. ಜೋಡಿಸಿ ನಿಲ್ಲಿಸುವಂತೆ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಮಾದರಿಗೆ ಕಿಟ್ ಎಂದು ಹೆಸರು. ಒಂದು ಪೆಟ್ಟಿಗೆಯ ಟ್ಯಾಂಕಿನ ಚಕ್ರ, ಇನ್ನೊಂದರ ವಿಮಾನದ ರೆಕ್ಕೆ, ಮತ್ತೊಂದರ ಸೈನಿಕನ ತೋಳು ಹೀಗೆ ಕತ್ತರಿಸಿ, ಕೂಡಿಸಿ, ಯಾವ ಪೆಟ್ಟಿಗೆಯಲ್ಲಿಯೂ ಇಲ್ಲದ ಹೊಸದೊಂದನ್ನು ಮಾಡುವುದೇ ಕಿಟ್‌ಬ್ಯಾಷಿಂಗ್. ಸೊರಗು ರೋಗ ತಡೆಯಲೆಂದು ನಾವು ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿಯನ್ನು ಕಸಿ ಕಟ್ಟುತ್ತೇವಲ್ಲ, ಇದೂ ಅದೇ ಜಾತಿಯ ವಿದ್ಯೆ. ಬುಡ ಒಬ್ಬರದು, ಕುಡಿ ಇನ್ನೊಬ್ಬರದು, ಕೂಡಿಸುವ ಚಾಕಚಕ್ಯ ಮಾತ್ರ ಕಟ್ಟುವವನದು. ಹೀಗೆ ಮಾಡಿದ ಗೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಬೆಟ್ಟ, ಕಟ್ಟಡ, ಕಂದಕಗಳನ್ನು ಹೂಡಿ, ಅಳತೆಪಟ್ಟಿಯಿಂದ ದೂರ ಅಳೆದು, ದಾಳ ಎಸೆದು ಯುದ್ಧದಾಟ ಆಡುತ್ತಾರೆ. ಅದರಲ್ಲಿಯೂ ಮುಂದೆಂದೋ ನಡೆಯಬಹುದಾದ ಅಂತರಿಕ್ಷ ಯುದ್ಧದ ಆಟವೇ ಇಂದು ಹೆಚ್ಚು ಪ್ರಚಾರದಲ್ಲಿದೆ.

ಯುದ್ಧದಾಟ ಹೊಸದೇನಲ್ಲ. ಪ್ರಷ್ಯದ ಸೇನಾಧಿಕಾರಿಗಳ ತರಬೇತಿಗೆಂದು ರೈಸ್‌ವಿಟ್ಸ್ ಎಂಬ ಅಧಿಕಾರಿ 1824ರಲ್ಲಿಯೇ ನಿಯಮಗಳನ್ನು ಅಚ್ಚು ಹಾಕಿಸಿದ್ದ. ಅದನ್ನು ಸಾಮಾನ್ಯರ ಮನೆಯ ಆಟವನ್ನಾಗಿ ಮಾಡಿದವರಲ್ಲಿ ಮುಖ್ಯನಾದವನು ಎಚ್. ಜಿ. ವೆಲ್ಸ್. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಾದಂಬರಿ ಬರೆದ ಆ ವೆಲ್ಸನೇ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಹೊರತಂದ. ನೆಲದ ಮೇಲೆ ಸೀಸದ ಸೈನಿಕರನ್ನು ನಿಲ್ಲಿಸಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಹೊಡೆದು ಉರುಳಿಸುವ ಆಟ ಅದು. ನಿಜವಾದ ಯುದ್ಧಕ್ಕಿಂತ ಈ ಸಣ್ಣ ಯುದ್ಧವೇ ಎಷ್ಟೋ ಮೇಲೆಂಬ ವಾದವನ್ನೂ ಆತ ಅದರಲ್ಲಿಯೇ ಮಂಡಿಸಿದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಎರಡನೆಯ ಮಹಾಯುದ್ಧದ ನಂತರ ಅಗ್ಗದ ಪ್ಲಾಸ್ಟಿಕ್ ಬಂತು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1959ರಿಂದ ಅಂಗುಲಕ್ಕಿಂತ ಕಿರಿದಾದ ಸೈನಿಕರನ್ನು ಪೆಟ್ಟಿಗೆಗಟ್ಟಲೆ ಮಾರತೊಡಗಿತು. ಬೇಕಾದ ದೇಶದ, ಬೇಕಾದ ಕಾಲದ ಸೈನಿಕ ಸಿಗದಾಗ ಆಟಗಾರರು ಇರುವವರ ತಲೆ ಕೊಯ್ದು ಬೇರೆ ಮುಂಡಕ್ಕೆ ಕೂರಿಸುವುದನ್ನು ಅಭ್ಯಾಸ ಮಾಡಿದರು. ಕೊರತೆಯಿಂದ ಹುಟ್ಟಿದ ವಿದ್ಯೆ ಇದು.

ಇದಕ್ಕೆ ಜಗತ್ತಿನಾದ್ಯಂತ ಪ್ರತಿಷ್ಠೆ ಬಂದದ್ದು ಸಿನಿಮಾದಿಂದ. 1965ರಲ್ಲಿ ಆರಂಭವಾದ 'ಥಂಡರ್‌ಬರ್ಡ್ಸ್' ಎಂಬ ಬ್ರಿಟಿಷ್ ಟೆಲಿವಿಷನ್ ಸರಣಿಗೆ ಡೆರೆಕ್ ಮೆಡ್ಡಿಂಗ್ಸ್ ಎಂಬಾತನ ತಂಡ ಅಂಗಡಿಯ ಕಿಟ್‌ಗಳ ತುಣುಕುಗಳನ್ನು ಅಂಟಿಸಿಯೇ ವಾಹನಗಳನ್ನು ಮಾಡಿತು. 1977ರ 'ಸ್ಟಾರ್ ವಾರ್ಸ್' ಚಿತ್ರದ ಆಕಾಶನೌಕೆಗಳ ಮೈಮೇಲೆ ಕಾಣುವ ಸಾವಿರಾರು ಗುಬುಟು, ಕೊಳವೆ, ಮುಚ್ಚಳಗಳೆಲ್ಲ ಟ್ಯಾಂಕು, ರೇಸ್ ಕಾರು, ವಿಮಾನಗಳ ಕಿಟ್‌ಗಳಿಂದ ಕಿತ್ತವು. ಆ ತುಣುಕುಗಳಿಗೆ ಅವರು ಗ್ರೀಬ್ಲಿ ಎಂದು ಹೆಸರಿಟ್ಟುಕೊಂಡಿದ್ದರು. ಅವುಗಳಿಗೆ ಯಾವ ಕೆಲಸವೂ ಇಲ್ಲ. ಆದರೆ ನುಣುಪಾದ ಮೈ ಚಿಕ್ಕದೆಂದು ಕಾಣುತ್ತದೆ, ಮೈತುಂಬ ಸಣ್ಣಪುಟ್ಟ ಸಾಮಾನು ಇದ್ದರೆ ಕಣ್ಣು ಅದನ್ನು ಬೃಹತ್ತಾದ ಯಂತ್ರವೆಂದು ನಂಬುತ್ತದೆ. ಊಟದ ತಟ್ಟೆಯಷ್ಟಿರುವ ವಸ್ತು ಊರಿನಷ್ಟು ದೊಡ್ಡದಾಗಿ ಕಾಣುವ ಗುಟ್ಟು ಇಷ್ಟೇ.

ಸುಗಂಧದ ಡಬ್ಬಿಯ ಟ್ಯಾಂಕು

ಇನ್ನು ಮೇಜಿನ ಆಟಕ್ಕೆ ಬರೋಣ. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಹುಟ್ಟುಹಾಕಿದ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ ಕ್ರಮೇಣ ನಾಟಿಂಗ್‌ಹ್ಯಾಮಿಗೆ ನೆಲೆ ಬದಲಿಸಿತು. 1987ರಲ್ಲಿ ಅದು 'ವಾರ್‌ಹ್ಯಾಮರ್ 40,000' ಎಂಬ ಆಟದ ಮೊದಲ ಪುಸ್ತಕವನ್ನು ಹೊರತಂದಿತು. ಬರೆದವನು ರಿಕ್ ಪ್ರೀಸ್ಟ್ಲಿ. ಇಂದಿನಿಂದ ಸುಮಾರು ಮೂವತ್ತೆಂಟು ಸಾವಿರ ವರ್ಷಗಳ ನಂತರ ನಡೆಯುವ ಕಥೆ. ಅದೇ ವರ್ಷ ಮೂವತ್ತು ಪ್ಲಾಸ್ಟಿಕ್ ಸೈನಿಕರ ಒಂದು ಪೆಟ್ಟಿಗೆಯನ್ನು 9.99 ಪೌಂಡಿಗೆ ಮಾರಾಟಕ್ಕಿಟ್ಟರು. ತೋಳು, ತಲೆ, ಕಾಲು, ಬೆನ್ನಿನ ಹೊರೆ ಎಲ್ಲ ಬೇರೆಬೇರೆ, ಯಾವುದನ್ನು ಯಾವುದಕ್ಕಾದರೂ ಅಂಟಿಸಬಹುದು. ಅಂದರೆ ಕಸಿಗೆ ಹೇಳಿ ಮಾಡಿಸಿದ ಸಾಮಗ್ರಿ.

ಆ ದಿನಗಳಲ್ಲಿ ಕಂಪನಿಯ ಬಳಿ ವಾಹನಗಳ ಮಾದರಿಗಳು ಸಾಕಷ್ಟಿರಲಿಲ್ಲ. ಹಾಗಾಗಿ ಅವರ 'ವೈಟ್ ಡ್ವಾರ್ಫ್' ಪತ್ರಿಕೆಯಲ್ಲಿಯೇ, ಕಂಕುಳಿಗೆ ಹಚ್ಚುವ ಸುಗಂಧದ್ರವ್ಯದ ಖಾಲಿ ಡಬ್ಬಿಯಿಂದ ತೇಲುವ ಟ್ಯಾಂಕು ಮಾಡುವುದು ಹೇಗೆಂದು ಚಿತ್ರಸಹಿತ ಲೇಖನ ಬಂತು. ಆ ಡಬ್ಬಿಯ ಟ್ಯಾಂಕನ್ನು ಹಳೆಯ ಆಟಗಾರರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಕಂಪನಿಯೇ ಗ್ರಾಹಕನಿಗೆ "ಕೊಳ್ಳಬೇಡ, ಕಸದ ಬುಟ್ಟಿಯಿಂದ ಮಾಡಿಕೋ" ಎಂದು ಕಲಿಸಿಕೊಟ್ಟ ಕಾಲವದು. ಆಟದ ಕಥೆಯಲ್ಲಿಯೂ ಇದಕ್ಕೆ ಎಡೆಯಿತ್ತು. ಅದರಲ್ಲಿ ಬರುವ ಆರ್ಕ್ ಎಂಬ ಹಸಿರು ರಾಕ್ಷಸರ ಜಾತಿ ಶತ್ರುಗಳ ವಾಹನ ಕದ್ದು, ತಗಡು ಬಡಿದು, ತಮ್ಮದಾಗಿಸಿಕೊಳ್ಳುತ್ತದೆ. ಆರ್ಕ್ ಸೈನ್ಯ ಕಟ್ಟುವವನ ಗಾಡಿ ಎಷ್ಟು ಅಡ್ಡಾದಿಡ್ಡಿಯಾದರೆ ಅಷ್ಟು ಚೆನ್ನ.

ಆಮೇಲೆ ಕಾಲ ಬದಲಾಯಿತು. ಕಂಪನಿ ಬೆಳೆಯಿತು, ಪ್ರತಿಯೊಂದಕ್ಕೂ ತನ್ನದೇ ಪೆಟ್ಟಿಗೆ ತಂದಿತು, ಬೆಲೆಯೂ ಏರಿತು. 2024ರ ಡಿಸೆಂಬರಿನಲ್ಲಿ ಅದು ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಪಟ್ಟಿಗೆ ಸೇರಿತೆಂದರೆ ಗೊಂಬೆಯ ವ್ಯಾಪಾರ ಯಾವ ಮಟ್ಟಕ್ಕೆ ಮುಟ್ಟಿದೆಯೆಂದು ಊಹಿಸಬಹುದು.

ಕೊಂಡವನ ಹಕ್ಕು ಎಷ್ಟು?

ಇಲ್ಲಿಯೇ ನಮ್ಮಂಥವರು ಗಮನಿಸತಕ್ಕ ವಿಷಯವಿರುವುದು. ಅಮೆರಿಕದ ಚಾಪ್ಟರ್‌ಹೌಸ್ ಸ್ಟುಡಿಯೋಸ್ ಎಂಬ ಸಣ್ಣ ಸಂಸ್ಥೆ ಈ ಕಂಪನಿಯ ಸೈನಿಕರಿಗೆ ಹೊಂದುವ ಭುಜಕವಚ, ತಲೆ, ಆಯುಧ ಮುಂತಾದ ಬಿಡಿಭಾಗಗಳನ್ನು ಅಚ್ಚು ಹಾಕಿ ಮಾರುತ್ತಿತ್ತು. ಕಂಪನಿಯ ನಿಯಮಪುಸ್ತಕದಲ್ಲಿ ಹೆಸರಿದ್ದು, ಕಂಪನಿ ಇನ್ನೂ ಗೊಂಬೆಯನ್ನೇ ತಯಾರಿಸದಿದ್ದ ಪ್ರಾಣಿಗಳಿಗೂ ಅದು ಭಾಗಗಳನ್ನು ಮಾಡಿತು. 2010ರ ಕೊನೆಯಲ್ಲಿ ಕಂಪನಿ ಶಿಕಾಗೋದ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕೃತಿಸ್ವಾಮ್ಯ ಮತ್ತು ವ್ಯಾಪಾರಚಿಹ್ನೆಯ ನೂರಕ್ಕೂ ಮಿಕ್ಕಿದ ಆಕ್ಷೇಪಣೆಗಳು. ಸಣ್ಣವನು ಮೊದಲ ಪೇಟೆಗೇ ಮುಳುಗಬೇಕಾಗಿತ್ತು. ಆದರೆ ಶಿಕಾಗೋದ ಹೆಸರಾಂತ ವಕೀಲ ಸಂಸ್ಥೆಯೊಂದು ಶುಲ್ಕ ಪಡೆಯದೆ ಅವನ ಪರವಾಗಿ ನಿಂತಿತು. 2013ರಲ್ಲಿ ತೀರ್ಪುಗಾರರ ಮಂಡಳಿ ಕೆಲವು ಅಂಶಗಳನ್ನು ಕಂಪನಿಯ ಕಡೆಗೂ ಕೆಲವನ್ನು ಸಣ್ಣ ಸಂಸ್ಥೆಯ ಕಡೆಗೂ ತೀರ್ಮಾನಿಸಿತು. ಕಂಪನಿಗೆ ದೊರೆತ ಪರಿಹಾರ 25,000 ಡಾಲರ್. ಅಂಥ ಮೊಕದ್ದಮೆಯ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಪರಿಣಾಮ ಅಲ್ಲಿಗೆ ನಿಲ್ಲಲಿಲ್ಲ. ಅದಾದ ಮೇಲೆ ಬಂದ ನಿಯಮಪುಸ್ತಕಗಳಿಂದ, ಕಂಪನಿಯ ಸ್ವಂತ ಗೊಂಬೆಯಿಲ್ಲದ ಪಾತ್ರಗಳು ಒಂದೊಂದಾಗಿ ಮಾಯವಾದವು. ನಾಯಕನಿಗೆ ಇಂಥಿಂಥ ಆಯುಧ ಕೊಡಬಹುದೆಂಬ ಪಟ್ಟಿಯೂ ಪೆಟ್ಟಿಗೆಯಲ್ಲಿ ಇರುವಷ್ಟಕ್ಕೇ ಕುಗ್ಗುತ್ತ ಬಂತು. ಇದು ಆ ಮೊಕದ್ದಮೆಯ ಫಲವೆಂದೇ ಆಟಗಾರರು ದೂರುತ್ತಾರೆ. ಮೊದಲು ಪುಸ್ತಕ ಓದಿ, ಕಲ್ಪಿಸಿಕೊಂಡು, ಕಸಿ ಕಟ್ಟಿ ಮಾಡುತ್ತಿದ್ದವನಿಗೆ ಈಗ ಕಟ್ಟುವ ಸ್ವಾತಂತ್ರ್ಯವಿದ್ದರೂ ಕಟ್ಟಿದ್ದಕ್ಕೆ ಆಟದಲ್ಲಿ ನೆಲೆಯಿಲ್ಲ. ಕಂಪನಿ ತಾನೇ ನಡೆಸುವ ಪಂದ್ಯಗಳಿಗೆ ತನ್ನ ಭಾಗಗಳಿಂದಲೇ ಆದ ಗೊಂಬೆಗಳಿರಬೇಕೆಂದು ಕಟ್ಟಳೆ ಮಾಡಿಕೊಂಡಿದೆ.

ಕಂಪನಿಯ ಕಡೆಯ ವಾದವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಶಿಲ್ಪಿಗಳಿಗೆ ಸಂಬಳ ಕೊಟ್ಟು, ಉಕ್ಕಿನ ಅಚ್ಚಿಗೆ ಭಾರಿ ಹಣ ಸುರಿದು ಮಾಡಿದ್ದನ್ನು ಇನ್ನೊಬ್ಬ ತನ್ನ ಹೆಸರಿನಲ್ಲಿ ಮಾರಿದರೆ ಯಾರು ಸುಮ್ಮನಿದ್ದಾರು? ಆದರೆ ಸ್ವತ್ತಿನ ಬೇಲಿ ಎಲ್ಲಿಯವರೆಗೆ ಎಂಬುದು ಪ್ರಶ್ನೆ. 2012ರ ಕೊನೆಯಲ್ಲಿ ಒಬ್ಬ ಅಮೆರಿಕನ್ ಲೇಖಕಿಯ ಕಾದಂಬರಿಯ ಶೀರ್ಷಿಕೆಯಲ್ಲಿ 'ಸ್ಪೇಸ್ ಮರೀನ್' ಎಂಬ ಮಾತು ಬಂದಿತೆಂದು ಇದೇ ಕಂಪನಿ ಆಕ್ಷೇಪಿಸಿ, ಆ ಪುಸ್ತಕ ಮಾರಾಟದಿಂದ ಇಳಿಯುವಂತಾಯಿತು. ಆ ಮಾತು ಈ ಕಂಪನಿ ಹುಟ್ಟುವ ಎಷ್ಟೋ ಮೊದಲು, 1930ರ ದಶಕದ ಕಥೆಗಳಲ್ಲಿಯೇ ಬಳಕೆಯಲ್ಲಿತ್ತು. ಗದ್ದಲವಾದ ಮೇಲೆ 2013ರ ಫೆಬ್ರವರಿಯಲ್ಲಿ ಪುಸ್ತಕ ಮತ್ತೆ ಮಾರಾಟಕ್ಕೆ ಬಂತು. ಇದು ಬೇಲಿಯನ್ನು ರಸ್ತೆಯವರೆಗೂ ಹಾಕಿದಂತೆಯೇ ಸರಿ.

ನಮ್ಮ ದೇಶದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ಬಲ್ಲವರಿಗೆ ಈ ವ್ಯಾಜ್ಯ ಬೇಗ ಅರ್ಥವಾಗುತ್ತದೆ. ರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಮಾರಲೂಬಹುದು. ಆದರೆ ಆ ತಳಿಯ ಹೆಸರಿನ ಚೀಟಿ ಅಂಟಿಸಿ ಬ್ರಾಂಡ್ ಬೀಜವಾಗಿ ಮಾರುವಂತಿಲ್ಲ. ಗೊಂಬೆಯವರ ಪ್ರಪಂಚದಲ್ಲಿ ಅಂಥ ಸ್ಪಷ್ಟ ಗೆರೆಯನ್ನು ಯಾರೂ ಎಳೆದಿಲ್ಲ. ತನ್ನ ಮನೆಯ ಮೇಜಿನ ಮೇಲೆ ಏನು ಕತ್ತರಿಸಿ ಏನಕ್ಕೆ ಅಂಟಿಸಿದರೂ ಕೇಳುವವರಿಲ್ಲ, ಮಾರಲು ಹೊರಟಾಗ ವಕೀಲರ ಪತ್ರ ಬಂದೀತೆಂಬ ಅಂಜಿಕೆ ಇದ್ದೇ ಇದೆ.

ಐವತ್ತು ಡಬ್ಬಿಯ ಬಂಡವಾಳ

ಬೆಲೆಯ ಭಾರಕ್ಕೂ ಕಟ್ಟಳೆಗೂ ಬೇಸತ್ತವರು ಬೇರೆ ದಾರಿ ಹುಡುಕಿದ್ದಾರೆ. ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ ಎನ್ನುವ ಆಟಗಳು ಈಗ ಹಲವು ಇವೆ. ಅವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಇಂಗ್ಲೆಂಡಿನ ಆಸ್ಪ್ರೇ ಪ್ರಕಾಶನ 2017ರಲ್ಲಿ ಹೊರತಂದ 'ಗ್ಯಾಸ್‌ಲ್ಯಾಂಡ್ಸ್'. ಬರೆದವನು ಮೈಕ್ ಹಚಿನ್ಸನ್. ಭೂಮಿ ಹಾಳುಬಿದ್ದಿದೆ, ಉಳ್ಳವರು ಮಂಗಳ ಗ್ರಹದಲ್ಲಿದ್ದಾರೆ. ಭೂಮಿಯಲ್ಲಿ ಉಳಿದವರು ಮಂಗಳಕ್ಕೆ ಹೋಗುವ ಟಿಕೆಟ್ಟಿನ ಆಸೆಗೆ, ಬಂದೂಕು ಕಟ್ಟಿದ ಕಾರುಗಳಲ್ಲಿ ಟೆಲಿವಿಷನ್ ಎದುರು ಹೊಡೆದಾಡುತ್ತ ಓಡಿಸುತ್ತಾರೆ. ಆಟದಲ್ಲಿ ನಾಣ್ಯವೆಂದರೆ ಪೆಟ್ರೋಲಿನ ಡಬ್ಬಿ. ಸಾಮಾನ್ಯವಾಗಿ ಒಬ್ಬೊಬ್ಬರಿಗೂ ಐವತ್ತು ಡಬ್ಬಿಯ ಬಂಡವಾಳ, ಅದರಲ್ಲಿಯೇ ಗಾಡಿ, ಆಯುಧ ಎಲ್ಲ ಕೊಳ್ಳಬೇಕು.

ಇದಕ್ಕೆ ಬೇಕಾದ ಗೊಂಬೆ ಹಾಟ್ ವೀಲ್ಸ್ ಅಥವಾ ಮ್ಯಾಚ್‌ಬಾಕ್ಸ್ ಆಟಿಕೆ ಕಾರು. ಜಾತ್ರೆಯ ಅಂಗಡಿಯಲ್ಲಿಯೂ ಸಿಗುವ ವಸ್ತು. ಕಾರನ್ನು ಮಗುಚಿದರೆ ತಳದಲ್ಲಿ ಒಂದೆರಡು ರಿವೆಟ್ ಕಾಣುತ್ತವೆ. ಸಣ್ಣ ಡ್ರಿಲ್ಲಿನಿಂದ ರಿವೆಟ್ಟಿನ ತಲೆಯನ್ನು ಕೊರೆದರೆ ಮೈ, ಗಾಜು, ಆಸನ, ತಳ ಎಲ್ಲ ಬಿಡಿಬಿಡಿಯಾಗುತ್ತವೆ. ಕಿಟಕಿಗೆ ಸೊಳ್ಳೆಪರದೆಯ ತುಂಡು, ಮುಂಭಾಗಕ್ಕೆ ಹಲ್ಲುಕಡ್ಡಿಯ ಮೊಳೆಗಳು, ಮಾಡಿನ ಮೇಲೆ ಮುರಿದ ಪೆನ್ನಿನ ಸ್ಪ್ರಿಂಗು, ಹಾಳಾದ ಕೈಗಡಿಯಾರದ ಚಕ್ರಗಳು, ಬದಿಗೆ ಔಷಧದ ಮಾತ್ರೆಯ ತಗಡು. ಅದಕ್ಕೆಲ್ಲ ಒಂದೇ ಪದರ ಕಪ್ಪು ಹೊಡೆದರೆ ಆಗುವ ಚಮತ್ಕಾರವನ್ನು ನೋಡಿಯೇ ತಿಳಿಯಬೇಕು. ಸೊಳ್ಳೆಪರದೆ ಸೊಳ್ಳೆಪರದೆಯಾಗಿ ಉಳಿಯುವುದಿಲ್ಲ, ಕಬ್ಬಿಣದ ಜಾಲರಿಯಾಗುತ್ತದೆ.

ಅಂಟಿನ ವಿಷಯದಲ್ಲಿ ಒಂದು ಭೇದ ತಿಳಿದಿರಬೇಕು. ಕಿಟ್‌ಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಹಾಕುವ ಸಿಮೆಂಟು ನಿಜವಾಗಿ ಅಂಟಲ್ಲ. ಅದು ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ, ಕಸಿ ಕೂಡಿಕೊಂಡಂತೆ. ಲೋಹಕ್ಕೂ ರೆಸಿನ್‌ಗೂ ಅದು ಕೆಲಸಕ್ಕೆ ಬಾರದು. ಅಲ್ಲಿ ಫೆವಿಕ್ವಿಕ್ ಜಾತಿಯದೇ ಬೇಕು. ಭಾರವಾದ ತೋಳಾದರೆ ಎರಡೂ ಕಡೆ ಸಣ್ಣ ರಂಧ್ರ ಕೊರೆದು ಒಳಗೆ ತಂತಿಯ ತುಂಡು ಕೂರಿಸಿ ಅಂಟಿಸುತ್ತಾರೆ. ಸಂದು ಮುಚ್ಚಲು, ಬಟ್ಟೆಯ ಮಡಿಕೆ, ಕೊಳವೆ, ತುಪ್ಪಳ ತಿದ್ದಲು ಹೊರದೇಶದಲ್ಲಿ ಹಳದಿ ಮತ್ತು ನೀಲಿ ಪಟ್ಟಿಗಳನ್ನು ನಾದಿದರೆ ಹಸಿರಾಗುವ ಪುಟ್ಟಿಯನ್ನೂ, ವೇಲ್ಸಿನಲ್ಲಿ ತಯಾರಾಗುವ ಮಿಲ್ಲಿಪುಟ್‌ನ್ನೂ ಬಳಸುತ್ತಾರೆ. ನಮ್ಮ ಹುಡುಗರು ಪೈಪಿನ ಸೋರಿಕೆಗೆ ನಾವು ಮೆತ್ತುವ ಎಂ-ಸೀಲ್‌ನಲ್ಲಿಯೇ ಕೆಲಸ ಸಾಗಿಸುತ್ತಾರೆ. ಸೂಕ್ಷ್ಮ ಕೆತ್ತನೆಗೆ ಅದು ಕೊಂಚ ಒರಟು, ಆದರೆ ಒಣಗಿದ ಮೇಲೆ ಅರದಲ್ಲಿ ಚೆನ್ನಾಗಿ ಉಜ್ಜಲು ಬರುತ್ತದೆ. ಬೆರಳನ್ನು ನೀರಿನಲ್ಲಿ ಅದ್ದಿಕೊಂಡು ತಿದ್ದಿದರೆ ಅಂಟುವುದಿಲ್ಲ.

ಬಣ್ಣದ ಮರ್ಮ

ಇಪ್ಪತ್ತೆಂಟು ಮಿಲಿಮೀಟರ್ ಎತ್ತರದ ಗೊಂಬೆಗೆ ಅಂಗಿಗೆ ಕೆಂಪು, ಪ್ಯಾಂಟಿಗೆ ನೀಲಿ ಬಳಿದರೆ ಅದು ಕೆಂಪು ನೀಲಿ ಚುಕ್ಕೆಯಾಗಿ ಕಾಣುತ್ತದೆಯೇ ಹೊರತು ಮನುಷ್ಯನಾಗಿ ಅಲ್ಲ. ಅಷ್ಟು ಚಿಕ್ಕ ಮೈಮೇಲೆ ಬೀಳುವ ಬೆಳಕು ನೆರಳನ್ನು ಸಾಕಷ್ಟು ಎಬ್ಬಿಸುವುದಿಲ್ಲ. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಲ್ಲಿಯೇ ಬರೆಯಬೇಕು. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ನೋಡಿದವರಿಗೆ ಆ ಗೆರೆಗಳು ಅತಿಯೆನಿಸುತ್ತವೆ. ಬಯಲಿನ ಕೊನೆಯ ಸಾಲಿನಿಂದ ನೋಡಿದಾಗ ಅವು ಎಷ್ಟು ಬೇಕಿತ್ತೋ ಅಷ್ಟೇ ಇವೆ. ಗೊಂಬೆಯನ್ನೂ ಮೂರಡಿ ದೂರದ ಮೇಜಿನಿಂದ ನೋಡುವುದು.

ಕ್ರಮ ಹೀಗಿದೆ. ಮೊದಲು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆಯಬೇಕು, ಆಮೇಲೆ ಪ್ರೈಮರ್. ಪೂರ್ತಿ ಕಪ್ಪು ಹೊಡೆದು, ಮೇಲಿನಿಂದ ಮಾತ್ರ ಬಿಳಿ ಸಿಂಪಡಿಸಿದರೆ ನೆತ್ತಿಯ ಸೂರ್ಯನ ಬೆಳಕು ಎಲ್ಲಿ ಬೀಳುತ್ತದೆಂಬುದು ಆಗಲೇ ಗುರುತಾಗುತ್ತದೆ. ಅದರ ಮೇಲೆ ಹಾಲಿನ ಹದಕ್ಕೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣದ ಎರಡು ತೆಳು ಪದರ. ಗಟ್ಟಿ ಬಣ್ಣದ ಒಂದು ಪದರ ಹಾಕಿದವನ ಗೊಂಬೆಯ ಮೂಗು, ಬಾಯಿ ಮುಚ್ಚಿಹೋಗುತ್ತದೆ. ಅನಂತರ ತೀರ ನೀರಾದ ಕಡುಬಣ್ಣವನ್ನು ಮೈಯೆಲ್ಲ ಹರಿಸಿದರೆ ಅದು ತಗ್ಗಿನಲ್ಲಿ ನಿಂತು ನೆರಳಾಗುತ್ತದೆ. ಕೊನೆಗೆ ಕುಂಚವನ್ನು ಬಟ್ಟೆಗೆ ಒರೆಸಿ, ಬಣ್ಣವೇ ಇಲ್ಲವೆನ್ನುವಷ್ಟು ಒಣಗಿಸಿಕೊಂಡು, ಉಬ್ಬುಗಳ ಮೇಲೆ ತಿಳಿಬಣ್ಣ ಸವರಬೇಕು. ತಗ್ಗಿನಲ್ಲಿ ನೆರಳು, ಉಬ್ಬಿನಲ್ಲಿ ಬೆಳಕು. ಒಳ್ಳೆಯ ಕುಂಚವೆಂದರೆ ಸೈಬೀರಿಯದ ಕೋಲಿನ್ಸ್ಕಿ ಎಂಬ ಪ್ರಾಣಿಯ ಬಾಲದ ಕೂದಲಿನದು. ವಿಕ್ಟೋರಿಯಾ ರಾಣಿಗಾಗಿ 1866ರಲ್ಲಿ ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಮಾಡಿದ ಏಳನೆಯ ಸರಣಿಯ ಕುಂಚವನ್ನೇ ಗೊಂಬೆಯವರು ಇಂದಿಗೂ ಆಶಿಸುತ್ತಾರೆ. ತುದಿ ನಿಲ್ಲುವುದು ಮುಖ್ಯ, ಕುಂಚ ತೀರ ಸಣ್ಣದಾಗಬೇಕಿಲ್ಲ. ತೀರ ಸಣ್ಣದರಲ್ಲಿ ಬಣ್ಣ ಗೊಂಬೆಗೆ ತಲುಪುವ ಮೊದಲೇ ಒಣಗುತ್ತದೆ.

ತುಕ್ಕು ಬರೆಯುವುದು ಇನ್ನೊಂದು ವಿದ್ಯೆ. ಕಂದುಬಣ್ಣ ಬಳಿದು, ಅದರ ಮೇಲೆ ತಲೆಗೂದಲಿಗೆ ಹೊಡೆಯುವ ಹೇರ್‌ಸ್ಪ್ರೇ ಹೊಡೆದು, ಒಣಗಿದ ಮೇಲೆ ಗಾಡಿಯ ಮೇಲ್ಬಣ್ಣ ಹಚ್ಚುತ್ತಾರೆ. ಆಮೇಲೆ ನೀರು ತಾಕಿಸಿ ಒರಟು ಕುಂಚದಿಂದ ಉಜ್ಜಿದರೆ ಸ್ಪ್ರೇ ಕರಗಿ ಮೇಲ್ಬಣ್ಣ ಅಲ್ಲಲ್ಲಿ ಸಿಪ್ಪೆಯೇಳುತ್ತದೆ, ಒಳಗಿನ ತುಕ್ಕು ಕಾಣುತ್ತದೆ. ಎಲ್ಲಿ ಉಜ್ಜಬೇಕೆಂಬುದೇ ಇಲ್ಲಿ ಮುಖ್ಯ. ತುಕ್ಕು ಎಲ್ಲೆಡೆ ಸಮನಾಗಿ ಹಿಡಿಯುವುದಿಲ್ಲ. ಕೆಸರು ನಿಲ್ಲುವ ಬಾಗಿಲ ಕೆಳಂಚು, ನೀರು ಇಳಿಯುವ ಮೊಳೆಯ ಬುಡ, ಕೈ ತಾಕುವ ಅಂಚುಗಳಲ್ಲಿ ಮೊದಲು. ಎಂಟು ತಿಂಗಳು ಮಳೆ ಮಂಜು ಕಾಣುವ ನಮ್ಮ ಕಡೆಯ ಯಾವ ಹಳೆಯ ಜೀಪನ್ನು ನೋಡಿದರೂ ಪಾಠ ಸಿಗುತ್ತದೆ. ಈ ಒಂದು ವಿಷಯದಲ್ಲಿ ನಾಟಿಂಗ್‌ಹ್ಯಾಮಿನವರಿಗಿಂತ ನಾವೇ ಅನುಕೂಲಸ್ಥರು.

ಎಚ್ಚರಿಕೆಯ ಮಾತೊಂದು. ಬೋರ್ಡೋ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರೆಂದು ಈ ಪತ್ರಿಕೆ ಎಷ್ಟು ಸಲ ಬರೆದಿದೆಯೋ ಲೆಕ್ಕವಿಲ್ಲ. ಸ್ಪ್ರೇ ಬಣ್ಣ ಹೊಡೆಯುವಾಗಲೂ ರೆಸಿನ್ ಉಜ್ಜುವಾಗಲೂ ಬಟ್ಟೆ ಸಾಲದು, ಸರಿಯಾದ ಮಾಸ್ಕೇ ಬೇಕು. ರೆಸಿನ್ನನ್ನು ನೀರು ಹಾಕಿಕೊಂಡು ಉಜ್ಜಿದರೆ ಧೂಳು ಹಾರುವುದಿಲ್ಲ. ಈಗ ಮನೆಯಲ್ಲಿಯೇ ರೆಸಿನ್ನಿನಲ್ಲಿ ಭಾಗಗಳನ್ನು ಮುದ್ರಿಸುವ ತ್ರೀಡಿ ಯಂತ್ರಗಳು ಬಂದಿವೆ. ಗಟ್ಟಿಯಾಗದ ಆ ದ್ರವ ಚರ್ಮಕ್ಕೆ ತಾಕುತ್ತಿದ್ದರೆ ಅಲರ್ಜಿಯಾಗಿ ಜೀವಮಾನವಿಡೀ ಉಳಿಯಬಹುದು. ಕೈಗವಸಿಲ್ಲದೆ ಮುಟ್ಟಲು ಮಕ್ಕಳನ್ನು ಬಿಡಬೇಡಿ. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸವಿರುತ್ತದೆ, ಅವನ್ನು ಅರದಿಂದ ಉಜ್ಜಿದ ಕೈಯಲ್ಲಿ ಚಕ್ಕುಲಿ ತಿನ್ನಬಾರದು.

ಇನ್ನುಳಿದದ್ದು ಗೊಂಬೆ ನಿಲ್ಲುವ ನೆಲ. ಗುಂಡಗಿನ ಸಣ್ಣ ಬಿಲ್ಲೆಯ ಮೇಲೆ ಅಂಟು ಸವರಿ ಮರಳು, ಪುಡಿಗಲ್ಲು ಉದುರಿಸುತ್ತಾರೆ. ಕಾರ್ಕ್ ಮರದ ತೊಗಟೆ ಮುರಿದರೆ ಬಂಡೆಯಾಗುತ್ತದೆ, ಬರ್ಚ್ ಮರದ ಬೀಜದ ಸಿಪ್ಪೆ ಉದುರಿದ ಎಲೆಯಾಗುತ್ತದೆ, ಪರದೇಶದ ಕಾಫಿ ಅಂಗಡಿಯಲ್ಲಿ ಸಕ್ಕರೆ ಕದಡಲು ಕೊಡುವ ಮರದ ಕಡ್ಡಿ ಹಲಗೆಯಾಗುತ್ತದೆ. ಕಾಡಿನ ಕೊಳೆತ ಮಣ್ಣು ಬೇಕಾದಾಗ ಅವರು ಬಳಸುವುದು ಕಾಫಿಯ ಚರಟ. ಸೋಸಿದ ಚರಟವನ್ನು ಅಂಟಿನ ಮೇಲೆ ಉದುರಿಸಿ, ಮೇಲೆ ತೆಳುವಾದ ಅಂಟುನೀರು ಬಿಟ್ಟರೆ ಮಲೆನಾಡಿನ ತೋಟದ ನೆಲದ ಬಣ್ಣವೇ ಬರುತ್ತದೆ. ಹಸಿಯಾಗಿ ಹಾಕಿದರೆ ಮಾತ್ರ ವಾರದೊಳಗೆ ಬೂಷ್ಟು ಹಿಡಿದು ಸೈನಿಕನ ಮೊಣಕಾಲಿನವರೆಗೂ ಬೆಳೆಯುತ್ತದೆ. ತಟ್ಟೆಯಲ್ಲಿ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟದೆ ಉದುರುವವರೆಗೆ ಒಣಗಿಸಬೇಕು. ಒಣಗಿಸುವುದನ್ನು ನಮ್ಮ ಸದಸ್ಯರಿಗೆ ನಾನು ಹೇಳಿಕೊಡಬೇಕಾಗಿಲ್ಲ.